ಪ್ರೊಪೆಲ್ಲರ್ ಬಿಚ್ಚಿ ಚಕ್ರ ಕಟ್ಟುವ ಮುನ್ನ

ಮಾದರಿ ಟಗ್‌ಬೋಟು ಕಟ್ಟಿ ನೀರಿಗಿಳಿಸಿದ ಹಲವರಿಗೆ ಒಂದು ಹಂತದಲ್ಲಿ ಈ ಆಸೆ ಹುಟ್ಟುತ್ತದೆ: ನೀರಿನಡಿ ಕಾಣದಂತೆ ತಿರುಗುವ ಪ್ರೊಪೆಲ್ಲರ್ ತೆಗೆದು, ಎರಡೂ ಪಕ್ಕದಲ್ಲಿ ಹಳೆಯ ಕಾಲದ ಪ್ಯಾಡಲ್ ಚಕ್ರ ಹಾಕಬೇಕು. ಮೋಟಾರು ಹೇಗೂ ಇದೆ, ಬ್ಯಾಟರಿ ಇದೆ, ರೇಡಿಯೊ ಇದೆ. ಎರಡು ಚಕ್ರ ಮಾಡಿ ಸಿಕ್ಕಿಸಿದರೆ ಮುಗಿಯಿತು ಅನ್ನಿಸುತ್ತದೆ. ಹಾಗೆ ಸಿಕ್ಕಿಸಿ ನೋಡಿದವರು ಹೇಳುವ ತೊಂದರೆಯೂ ಹೆಚ್ಚುಕಡಿಮೆ ಒಂದೇ. ಚಕ್ರ ಭರ್ರೆಂದು ತಿರುಗುತ್ತದೆ, ನೀರು ಹಾರಿ ಡೆಕ್ಕೆಲ್ಲ ತೋಯುತ್ತದೆ, ದೋಣಿ ಮಾತ್ರ ಕದಲುವುದಿಲ್ಲ. ಕದಲಿದರೂ ತಿರುಗುವುದಿಲ್ಲ.

ಕೈಕೆಲಸ ಕೆಟ್ಟು ಹೀಗಾಗುವುದು ಅಪರೂಪ. ಪ್ರೊಪೆಲ್ಲರ್ ದೋಣಿಯ ಲೆಕ್ಕವನ್ನೇ ಚಕ್ರದ ದೋಣಿಗೂ ಹಚ್ಚಿದಾಗ ಹೀಗಾಗುತ್ತದೆ. ಆದ್ದರಿಂದ ಗರಗಸ ಕೈಗೆತ್ತಿಕೊಳ್ಳುವ ಮೊದಲು ಚಕ್ರ ನೀರಿನಲ್ಲಿ ಮಾಡುವ ಕೆಲಸ ಎಂಥದು ಎಂಬುದನ್ನು ಅರಿತುಕೊಳ್ಳಿ.

ಟಗ್ ಹುಟ್ಟಿದ್ದೇ ಚಕ್ರದೊಂದಿಗೆ. ವಿಲಿಯಂ ಸಿಮಿಂಗ್ಟನ್ ಅವರ 'ಷಾರ್ಲೆಟ್ ಡಂಡಾಸ್' 1803ರಲ್ಲಿ ಸ್ಕಾಟ್ಲೆಂಡಿನ ಫೋರ್ತ್-ಕ್ಲೈಡ್ ಕಾಲುವೆಯಲ್ಲಿ ತಲಾ 70 ಟನ್ನಿನ ಎರಡು ಸರಕು ದೋಣಿಗಳನ್ನು ಗ್ಲಾಸ್ಗೋ ಕಡೆಗೆ ಎಳೆದೊಯ್ದದ್ದು ಹಿಂಬದಿಯ ಒಂದು ಪ್ಯಾಡಲ್ ಚಕ್ರದ ಬಲದಿಂದ. 1845ರಲ್ಲಿ ಬ್ರಿಟಿಷ್ ನೌಕಾಪಡೆ ಪ್ರೊಪೆಲ್ಲರಿನ 'ರಾಟ್ಲರ್' ಮತ್ತು ಚಕ್ರದ 'ಅಲೆಕ್ಟೊ' ಹಡಗುಗಳ ಹಿಂತುದಿಗಳನ್ನು ಹಗ್ಗದಿಂದ ಬಿಗಿದು ಜಗ್ಗಾಡಿಸಿತು, ರಾಟ್ಲರ್ ಗೆದ್ದಿತು. ಆದರೂ ಬಂದರಿನ ಕೆಲಸದಲ್ಲಿ ಚಕ್ರದ ಟಗ್ಗುಗಳು ಮತ್ತೂ ನೂರು ವರ್ಷಕ್ಕೆ ಮೇಲ್ಪಟ್ಟು ಉಳಿದವು. 1950ರ ದಶಕದ ಕೊನೆಯಲ್ಲಿ ಅದೇ ನೌಕಾಪಡೆ ವಿಮಾನವಾಹಕ ಹಡಗುಗಳನ್ನು ನಿಭಾಯಿಸಲೆಂದು 'ಡೈರೆಕ್ಟರ್' ವರ್ಗದ ಏಳು ಡೀಸೆಲ್-ವಿದ್ಯುತ್ ಪ್ಯಾಡಲ್ ಟಗ್ಗುಗಳನ್ನು ಹೊಸದಾಗಿ ಕಟ್ಟಿಸಿತು. ಎಡ ಚಕ್ರ ಮುಂದಕ್ಕೆ, ಬಲ ಚಕ್ರ ಹಿಂದಕ್ಕೆ ತಿರುಗಿಸಿ ನಿಂತಲ್ಲೇ ಸುತ್ತಬಲ್ಲ ಹಡಗು ಅವರಿಗೆ ಬೇಕಿತ್ತು. ನಿಮ್ಮ ಮಾದರಿಗೂ ಈ ಗುಣವೇ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರಣ ಮುಂದೆ ಬರುತ್ತದೆ.

ನಿಧಾನವೇ ಬಲ

ಯಾವ ದೋಣಿಯಾದರೂ ಮುಂದೆ ಹೋಗುವುದು ನೀರನ್ನು ಹಿಂದಕ್ಕೆ ತಳ್ಳಿ. 40-50 ಮಿ.ಮೀ. ಅಗಲದ ಪ್ರೊಪೆಲ್ಲರ್ ಕಡಿಮೆ ನೀರನ್ನು ಜೋರಾಗಿ ತಳ್ಳುತ್ತದೆ, ಅದಕ್ಕೇ ನಿಮಿಷಕ್ಕೆ ಸಾವಿರಾರು ಸುತ್ತು ಬೇಕು. ಚಕ್ರ ಹೆಚ್ಚು ನೀರನ್ನು ಮೆಲ್ಲಗೆ ತಳ್ಳುತ್ತದೆ. ಹಳೆಯ ಮೋಟಾರಿಗೇ ನೇರವಾಗಿ 90 ಮಿ.ಮೀ. ವ್ಯಾಸದ ಚಕ್ರ ಹಾಕಿ ನಿಮಿಷಕ್ಕೆ 3,000 ಸುತ್ತು ತಿರುಗಿಸಿದರೆ ಅದರ ಅಂಚಿನ ವೇಗ ಗಂಟೆಗೆ 50 ಕಿ.ಮೀ. ಆಗುತ್ತದೆ. ಆ ವೇಗದಲ್ಲಿ ಚಕ್ರದ ಹಲಗೆ ನೀರನ್ನು ಹಿಡಿಯುವುದಿಲ್ಲ, ಬಡಿದು ಎರಚುತ್ತದೆ.

ಹಾಗಾದರೆ ಎಷ್ಟು ಸುತ್ತು ಸಾಕು? 1:48 ಅಳತೆಯ ಮಾದರಿ ಎಂದುಕೊಳ್ಳಿ. ಅಲೆಗಳ ನಿಯಮದಂತೆ ಮಾದರಿಯ ಸಹಜ ವೇಗ ಸಿಗುವುದು ನಿಜ ಹಡಗಿನ ವೇಗವನ್ನು 48ರ ವರ್ಗಮೂಲದಿಂದ, ಅಂದರೆ ಸುಮಾರು 7ರಿಂದ, ಭಾಗಿಸಿದಾಗ. ಚಕ್ರ ನಿಮಿಷಕ್ಕೆ 160 ಸುತ್ತು ಹಾಕಿದರೆ ಹಲಗೆಯ ನಡುಭಾಗ ಸೆಕೆಂಡಿಗೆ 64 ಸೆಂ.ಮೀ. ಚಲಿಸುತ್ತದೆ. ನೀರು ಜಾರುವುದರಿಂದ ಕಾಲುಭಾಗಕ್ಕೆ ತುಸು ಹೆಚ್ಚು ನಷ್ಟ ಎಂದಿಟ್ಟುಕೊಂಡರೂ ದೋಣಿಗೆ ಸೆಕೆಂಡಿಗೆ 47 ಸೆಂ.ಮೀ. ವೇಗ ದಕ್ಕುತ್ತದೆ. ನಿಜ ಹಡಗಿನ ಲೆಕ್ಕದಲ್ಲಿ ಅದು 6 ನಾಟ್ ಮೇಲಾಯಿತು. ದುಡಿಯುವ ಟಗ್ಗಿಗೆ ಒಪ್ಪುವ ನಡಿಗೆ. ಆದ್ದರಿಂದ ಬರಿದೇ ತಿರುಗುವಾಗ 200ರಿಂದ 300 ಸುತ್ತಿನ ಗೇರ್ಡ್ ಮೋಟಾರು ಬೇಕು. ಅದಕ್ಕಿಂತ ಹೆಚ್ಚಿನದನ್ನು ಕೊಳ್ಳಬೇಡಿ.

ಚುಕ್ಕಾಣಿ ಏಕೆ ಸೋಲುತ್ತದೆ

ಈ ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಪ್ರೊಪೆಲ್ಲರ್ ಟಗ್ಗಿನಲ್ಲಿ ಚುಕ್ಕಾಣಿ ಪ್ರೊಪೆಲ್ಲರಿನ ಬೆನ್ನಿಗೇ ಇರುತ್ತದೆ. ದೋಣಿ ನಿಂತಿದ್ದರೂ ಪ್ರೊಪೆಲ್ಲರ್ ನೂಕಿದ ನೀರು ಚುಕ್ಕಾಣಿಯ ಮೇಲೆ ಹಾಯುತ್ತದೆ, ಹಿಂತುದಿ ಪಕ್ಕಕ್ಕೆ ಸರಿಯುತ್ತದೆ. ಚಕ್ರಗಳು ದೋಣಿಯ ನಡುವಿಗೆ ಬಂದ ಕ್ಷಣವೇ ಆ ಹರಿವು ತಪ್ಪಿಹೋಗುತ್ತದೆ. ಆಮೇಲೆ ದೋಣಿ ತಾನೇ ಸಾಕಷ್ಟು ವೇಗ ಹಿಡಿದರೆ ಮಾತ್ರ ಚುಕ್ಕಾಣಿಗೆ ಕೆಲಸ. ಟಗ್ಗಿನ ದುಡಿಮೆ ಇರುವುದೆಲ್ಲ ನಿಧಾನದಲ್ಲಿ: ಹಡಗಿನ ಪಕ್ಕ ಸೇರುವಾಗ, ಹಗ್ಗ ಬಿಗಿಯುವಾಗ, ದಕ್ಕೆಗೆ ತಿರುಗುವಾಗ. ಅಲ್ಲೆಲ್ಲ ಚುಕ್ಕಾಣಿ ಇದ್ದೂ ಇಲ್ಲದಂತೆ.

ಪರಿಹಾರ ಎರಡಿದೆ. ಒಂದೇ ಮೋಟಾರಿಗೆ ಎರಡೂ ಚಕ್ರ ಕಟ್ಟಿ ಚುಕ್ಕಾಣಿಯ ಅಗಲವನ್ನು ಒಂದೂವರೆಯಿಂದ ಎರಡು ಪಟ್ಟು ಮಾಡುವುದು ಸುಲಭದ ದಾರಿ. ಪ್ರತಿ ಚಕ್ರಕ್ಕೂ ತನ್ನದೇ ಮೋಟಾರು ಕೊಡುವುದು ಸರಿಯಾದ ದಾರಿ. 1914ರಲ್ಲಿ ಇಂಗ್ಲೆಂಡಿನ ಸೌತ್ ಶೀಲ್ಡ್ಸ್‌ನಲ್ಲಿ ಕಟ್ಟಿದ 'ಎಪಲ್‌ಟನ್ ಹಾಲ್' ಟಗ್ ಇಂದು ಸ್ಯಾನ್ ಫ್ರಾನ್ಸಿಸ್ಕೋದ ಕಡಲ ವಸ್ತುಸಂಗ್ರಹಾಲಯದ ಆಸ್ತಿ. ಅದರಲ್ಲಿರುವುದು ಎರಡು ಉಗಿ ಎಂಜಿನ್; ಬೇಕೆಂದಾಗ ಚಕ್ರಗಳನ್ನು ಬೇರ್ಪಡಿಸಿ ಒಂದೊಂದನ್ನೇ ನಡೆಸಬಹುದು. ಮುಂದಿನ ವಿವರಗಳೆಲ್ಲ ಎರಡು ಮೋಟಾರಿನ ದೋಣಿಗೆ.

ಎಲ್ಲ ಟಗ್ಗೂ ಆಗುವುದಿಲ್ಲ

ಈಚಿನ ಬಂದರು ಟಗ್ಗುಗಳ ಒಡಲು ಗಿಡ್ಡ, ದಪ್ಪ, ಹಿಂಬದಿ ಆಳ. ಪ್ಯಾಡಲ್ ಟಗ್ಗುಗಳ ಒಡಲು ಉದ್ದ, ಕಿರಿದು. ಎಪಲ್‌ಟನ್ ಹಾಲ್ ಸುಮಾರು 100 ಅಡಿ ಉದ್ದಕ್ಕೆ 21 ಅಡಿ ಅಗಲ. ನಿಮ್ಮ ಮಾದರಿಯ ಉದ್ದ ಅಗಲದ ನಾಲ್ಕು ಪಟ್ಟಾದರೂ ಇದ್ದರೆ ಕೆಲಸಕ್ಕೆ ಕೈ ಹಾಕಿ. ಮೂರು ಪಟ್ಟು ಮಾತ್ರವಿದ್ದರೆ ಅದನ್ನು ಹಾಗೇ ಬಿಟ್ಟು ಚಕ್ರಕ್ಕೆಂದೇ ಹೊಸ ಒಡಲು ಕಟ್ಟುವುದು ಒಳ್ಳೆಯದು. ನಾನು ಇಲ್ಲಿ ಉದಾಹರಣೆಗೆ ಇಟ್ಟುಕೊಂಡಿರುವುದು 70 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ, ನೀರಿನಲ್ಲಿ 6 ಸೆಂ.ಮೀ. ಮುಳುಗುವ ಒಡಲು.

ಕೆಲಸದ ಕ್ರಮ

1. ಮೊದಲು ನೀರಿನ ಗೆರೆ. ಚಕ್ರದ ದೋಣಿಯಲ್ಲಿ ಪ್ರತಿ ಅಳತೆಯೂ ನೀರಿನ ಗೆರೆಯಿಂದ ಶುರುವಾಗಬೇಕು. ಪ್ರೊಪೆಲ್ಲರ್ 1 ಸೆಂ.ಮೀ. ಮೇಲೆ ಕೆಳಗೆ ಆದರೂ ಕೆಲಸ ನಡೆದೀತು, ಚಕ್ರದ ವಿಷಯದಲ್ಲಿ ಅದೇ 1 ಸೆಂ.ಮೀ. ದೋಣಿಯನ್ನು ಕೆಡಿಸುತ್ತದೆ. ಹಳೆಯ ಮೋಟಾರು, ಪ್ರೊಪೆಲ್ಲರ್, ಶಾಫ್ಟ್ ತೆಗೆಯಿರಿ. ಹೊಸ ಮೋಟಾರುಗಳು, ಬ್ಯಾಟರಿ, ರಿಸೀವರ್ ಎಲ್ಲವನ್ನೂ ಅವು ಇರಬೇಕಾದ ಜಾಗದಲ್ಲಿ ಸುಮ್ಮನೆ ಇಡಿ. ಚಕ್ರ ಮತ್ತು ಪೆಟ್ಟಿಗೆಯ ತೂಕಕ್ಕೆ ಮರಳಿನ ಚೀಲ ಸೇರಿಸಿ. ಶಾಫ್ಟಿನ ತೂತನ್ನು ಸದ್ಯಕ್ಕೆ ಬಿಗಿಯಾಗಿ ಮುಚ್ಚಿ, ಅಗಲವಾದ ಟಬ್ಬಿನಲ್ಲಿ ತೇಲಿಸಿ, ನೀರು ಮುಟ್ಟಿದಲ್ಲಿ ಪೆನ್ಸಿಲ್ ಗೆರೆ ಎಳೆಯಿರಿ. ಮೋಟಾರಿನ ಭಾರ ಹಿಂಬದಿಯಿಂದ ನಡುವಿಗೆ ಬಂದಿರುವುದರಿಂದ ಮೂತಿ ತುಸು ತಗ್ಗುತ್ತದೆ. ಬ್ಯಾಟರಿಯನ್ನು ಹಿಂದೆ ಸರಿಸಿ ಸರಿಮಾಡಿ.

2. ಹಳೆಯ ತೂತು ಮುಚ್ಚುವುದು. ಶಾಫ್ಟಿನ ಕೊಳವೆಯನ್ನು ಒಡಲಿಗೆ ಸಮನಾಗಿ ಕತ್ತರಿಸಿ, ಒಳಗೆ ಎಪಾಕ್ಸಿ ತುಂಬಿ, ಒಳಬದಿಯಲ್ಲಿ ಫೈಬರ್‌ಗ್ಲಾಸ್ ಬಟ್ಟೆಯ ತುಂಡೊಂದನ್ನು ಅಂಟಿಸಿ. ಒಂದು ಇಡೀ ದಿನ ಒಣಗಲಿ.

3. ಚಕ್ರದ ಅಳತೆ. ವ್ಯಾಸ 90 ಮಿ.ಮೀ., 8 ಹಲಗೆ. ಪ್ರತಿ ಹಲಗೆ 40 ಮಿ.ಮೀ. ಉದ್ದ, 14 ಮಿ.ಮೀ. ಅಗಲ. ಬಳೆ ಮತ್ತು ಅರಗಳನ್ನು 2 ಮಿ.ಮೀ. ಅಕ್ರಿಲಿಕ್‌ನಲ್ಲಿ ಲೇಸರ್ ಕಟಿಂಗ್ ಮಾಡಿಸಬಹುದು, 3ಡಿ ಪ್ರಿಂಟ್ ಮಾಡಿಸುವುದಾದರೆ ಪಿಇಟಿಜಿ ಒಳ್ಳೆಯದು. ಹಲಗೆಗೆ 1 ಮಿ.ಮೀ. ಸ್ಟೈರೀನ್ ಶೀಟು ಸಾಕು. ಮರದ ಹಲಗೆ ನೋಡಲು ಚೆನ್ನ, ಆದರೆ ಬಣ್ಣ ಎಲ್ಲಾದರೂ ಬಿಟ್ಟಲ್ಲಿ ನೀರು ಕುಡಿದು ಸೊಟ್ಟಗಾಗುತ್ತದೆ. ಹಲಗೆಗಳ ಸಂಖ್ಯೆ ಹೆಚ್ಚಿಸಿದರೆ ಬಲ ಹೆಚ್ಚುತ್ತದೆ ಎಂದು ತಿಳಿಯಬೇಡಿ. ಹಿಂದಿನ ಹಲಗೆ ಕದಡಿದ ನೀರಿಗೇ ಮುಂದಿನದು ಬಿದ್ದರೆ ಹಿಡಿತ ಸಿಗುವುದಿಲ್ಲ.

4. ಶಾಫ್ಟಿನ ಎತ್ತರ. ಅತಿ ಮುಖ್ಯ ಅಳತೆ ಇದು. ಚಕ್ರದ ತಳದಲ್ಲಿ ನೆಟ್ಟಗೆ ನಿಂತ ಹಲಗೆಯ ಮೇಲಂಚು ನೀರಿನಿಂದ 3 ಮಿ.ಮೀ. ಕೆಳಗಿರಬೇಕು. ನಮ್ಮ ಚಕ್ರದ ತ್ರಿಜ್ಯ 45, ಹಲಗೆ 14. ಹಾಗಾಗಿ ಹಲಗೆಯ ಮೇಲಂಚು ಶಾಫ್ಟಿನಿಂದ 31 ಮಿ.ಮೀ. ಕೆಳಗೆ. ಅದರಲ್ಲಿ 3 ಕಳೆದರೆ ಶಾಫ್ಟು ನೀರಿನ ಗೆರೆಯಿಂದ 28 ಮಿ.ಮೀ. ಮೇಲೆ ಬರುತ್ತದೆ. ಹೀಗಿಟ್ಟಾಗ ಯಾವಾಗಲೂ ಎರಡು ಅಥವಾ ಮೂರು ಹಲಗೆ ನೀರಿನಲ್ಲಿರುತ್ತವೆ. ಇದಕ್ಕಿಂತ ಆಳಕ್ಕಿಳಿಸಿದರೆ ಹಲಗೆ ಒಳಹೋಗುವಾಗ ನೀರನ್ನು ಕೆಳಕ್ಕೆ ಬಡಿಯುತ್ತದೆ, ಹೊರಬರುವಾಗ ಮೇಲಕ್ಕೆ ಎತ್ತುತ್ತದೆ. ಈ ಎರಡು ಕೆಲಸದಲ್ಲೇ ಮೋಟಾರಿನ ಶಕ್ತಿ ಕರಗಿಹೋಗುತ್ತದೆ. ಶಾಫ್ಟು ನೀರಿನ ಮೇಲೇ ಇರುವುದರಿಂದ ಗ್ರೀಸ್ ತುಂಬಿದ ಕೊಳವೆಯ ಗೊಡವೆ ಇಲ್ಲ, 5 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್ ಸರಳು, ಹಿತ್ತಾಳೆ ಬುಷ್ ಸಾಕು.

5. ಮೋಟಾರಿನ ಜಾಗ. ಕಾಗದದ ಮೇಲೆ ಎರಡು ಮೋಟಾರನ್ನು ಬೆನ್ನಿಗೆ ಬೆನ್ನು ಕೊಟ್ಟು ಅಡ್ಡಡ್ಡ ಇಟ್ಟರೆ ಚೆನ್ನಾಗಿ ಕಾಣುತ್ತದೆ, 15 ಸೆಂ.ಮೀ. ಅಗಲದ ಒಡಲಿನೊಳಗೆ ಹಿಡಿಸುವುದಿಲ್ಲ. ಹಿಡಿಸಿದರೂ ಅವು ನೀರಿನ ಗೆರೆಗಿಂತ ಮೇಲಿರುವುದರಿಂದ ದೋಣಿ ತೊನೆಯುತ್ತದೆ. 3ಡಿ ಪ್ರಿಂಟರುಗಳಲ್ಲಿ ಬಳಸುವ ಜಿಟಿ2 ಹಲ್ಲಿನ ಬೆಲ್ಟು ಈ ಎರಡೂ ತೊಂದರೆಯನ್ನು ಒಟ್ಟಿಗೇ ಕಳೆಯುತ್ತದೆ. 200 ಮಿ.ಮೀ. ಸುತ್ತಳತೆಯ ಬೆಲ್ಟಿಗೆ ಎರಡು 20 ಹಲ್ಲಿನ ಪುಲ್ಲಿ ಹಾಕಿದರೆ ಅವುಗಳ ನಡುವಿನ ದೂರ ಸರಿಯಾಗಿ 80 ಮಿ.ಮೀ. ಮೋಟಾರುಗಳನ್ನು ಒಡಲಿನ ತಳದಲ್ಲಿ, ಒಂದನ್ನು ಚಕ್ರದ ಶಾಫ್ಟಿಗಿಂತ 4 ಸೆಂ.ಮೀ. ಮುಂದೆ, ಇನ್ನೊಂದನ್ನು 4 ಸೆಂ.ಮೀ. ಹಿಂದೆ ಕೂರಿಸಿ. ಭಾರ ತಳಕ್ಕಿಳಿಯಿತು, ಒಂದಕ್ಕೊಂದು ತಾಗುವುದೂ ತಪ್ಪಿತು. ಮೋಟಾರನ್ನು ಕೂರಿಸುವ ತಗಡಿನಲ್ಲಿ ಉದ್ದ ತೂತು ಕೊರೆದರೆ ಬೆಲ್ಟು ಬಿಗಿ ಮಾಡಲು ಅನುಕೂಲ. ಗೇರ್ಡ್ ಮೋಟಾರು, ಪುಲ್ಲಿ, ಬೆಲ್ಟು ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ರೋಬೊಟಿಕ್ಸ್ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತವೆ. ಮೋಟಾರಿನ ಶಾಫ್ಟು ಹಲವು ಬಾರಿ 6 ಮಿ.ಮೀ. ಇರುತ್ತದೆ, ಪುಲ್ಲಿಯ ತೂತು 5 ಮಿ.ಮೀ. ಇರುತ್ತದೆ, ಕೊಳ್ಳುವಾಗಲೇ ಸಿಕ್ಕಿಸಿ ನೋಡಿ.

6. ಪಕ್ಕದ ಚಾಚು ಮತ್ತು ಪೆಟ್ಟಿಗೆ. ಚಕ್ರವನ್ನು ಒಂದೇ ಬದಿಯ ಆಧಾರದ ಮೇಲೆ ನೇತುಹಾಕಬೇಡಿ. ಹೊರಬದಿಯಲ್ಲೂ ಒಂದು ಬುಷ್ ಇರಲಿ, ಅದನ್ನು ಹೊರಲು ಡೆಕ್ಕಿನ ಮಟ್ಟದಲ್ಲಿ ಗಟ್ಟಿ ಚಾಚು ಕಟ್ಟಿ. ಅದರ ಮೇಲೆ ಅರ್ಧವೃತ್ತದ ಪೆಟ್ಟಿಗೆ. ಹಲಗೆಯ ತುದಿಗೂ ಪೆಟ್ಟಿಗೆಗೂ ನಡುವೆ 6 ಮಿ.ಮೀ. ಸಂದು ಬಿಡಿ. ಕಡಿಮೆಯಾದರೆ ಚಕ್ರ ಹೊತ್ತು ತಂದ ನೀರು ಒಳಗೇ ಸುತ್ತಿ ಬ್ರೇಕಿನಂತೆ ಹಿಡಿಯುತ್ತದೆ. ಪೆಟ್ಟಿಗೆಯ ತಳ ಪೂರ್ತಿ ತೆರೆದಿರಲಿ, ಮೇಲ್ಭಾಗ ಕಳಚುವಂತಿರಲಿ. ಶಾಫ್ಟು ಒಡಲಿನೊಳಕ್ಕೆ ಬರುವ ಜಾಗದಲ್ಲಿ ಒಂದು ತೆಳು ರಬ್ಬರ್ ವಾಷರ್ ಹಾಕಿದರೆ ತುಂತುರು ಒಳಗೆ ಬಾರದು.

7. ತಂತಿ ಜೋಡಣೆ. ಪ್ರತಿ ಮೋಟಾರಿಗೂ ಹಿಮ್ಮುಖ ಚಲನೆ ಇರುವ ಬ್ರಷ್ಡ್ ಸ್ಪೀಡ್ ಕಂಟ್ರೋಲರ್ ಬೇಕು. ಎರಡರಲ್ಲೂ ರಿಸೀವರಿಗೆ ವಿದ್ಯುತ್ ಕೊಡುವ ಬಿಇಸಿ ಇದ್ದರೆ ಒಂದರ ಕೆಂಪು ತಂತಿಯನ್ನು ರಿಸೀವರಿನ ಪ್ಲಗ್ಗಿನಿಂದ ಬಿಚ್ಚಿ ಟೇಪು ಸುತ್ತಿಡಿ. ಮೋಟಾರುಗಳು ಒಂದಕ್ಕೊಂದು ವಿರುದ್ಧ ದಿಕ್ಕಿಗೆ ಮುಖ ಮಾಡಿರುವುದರಿಂದ ಎರಡು ಚಕ್ರವೂ ಮುಂದಕ್ಕೇ ತಿರುಗಬೇಕಾದರೆ ಒಂದು ಮೋಟಾರಿನ ಎರಡು ತಂತಿಗಳನ್ನು ಅದಲುಬದಲು ಮಾಡಬೇಕು. ಟ್ರಾನ್ಸ್‌ಮಿಟರಿನಲ್ಲಿ ವಿಮಾನದ ರೆಕ್ಕೆಗೆಂದು ಕೊಟ್ಟಿರುವ 'ಎಲಿವಾನ್' ಮಿಕ್ಸಿಂಗ್ ಇದ್ದರೆ ಒಂದೇ ಕಡ್ಡಿಯಿಂದ ವೇಗ, ತಿರುವು ಎರಡೂ ಸಿಗುತ್ತವೆ. ಚುಕ್ಕಾಣಿಯನ್ನು ತೆಗೆಯಬೇಡಿ, ದೂರದ ನೇರ ಓಟಕ್ಕೆ ಅದೇ ಬೇಕು.

ಹೊರಳುವ ಹಲಗೆ ಬೇಕೇ?

ನಿಜ ಹಡಗುಗಳ ಹಲವು ದೊಡ್ಡ ಚಕ್ರಗಳಲ್ಲಿ ಹಲಗೆಗಳು ಅರಕ್ಕೆ ಬಿಗಿದುಕೊಂಡಿರದೆ ಕೀಲಿನ ಮೇಲೆ ಹೊರಳುತ್ತಿದ್ದವು. ಎಲೈಜಾ ಗ್ಯಾಲೊವೇ 1829ರಲ್ಲಿ ಪೇಟೆಂಟ್ ಪಡೆದ ಉಪಾಯ ಅದು. ಚಕ್ರದ ಶಾಫ್ಟಿಗಿಂತ ಸ್ವಲ್ಪ ಮುಂದೆ ಇನ್ನೊಂದು ಗೂಟ. ಅದರಿಂದ ಪ್ರತಿ ಹಲಗೆಯ ಬೆನ್ನಿನ ಸಣ್ಣ ತೋಳಿಗೆ ಒಂದೊಂದು ಸರಳು. ಎರಡು ಕೇಂದ್ರ ಬೇರೆಬೇರೆ ಇರುವುದರಿಂದ ಚಕ್ರ ಸುತ್ತಿದಂತೆ ಸರಳುಗಳು ಹಲಗೆಗಳನ್ನು ಎಳೆದು ತಳ್ಳಿ, ನೀರಿಗಿಳಿಯುವುದರಿಂದ ಮೇಲೇಳುವವರೆಗೂ ಅವನ್ನು ಬಹುಮಟ್ಟಿಗೆ ನೆಟ್ಟಗೆ ನಿಲ್ಲಿಸುತ್ತವೆ. ಬಡಿಯುವುದೂ ಇಲ್ಲ, ಎತ್ತುವುದೂ ಇಲ್ಲ. ಪೆಟ್ಟಿಗೆಯ ಮುಚ್ಚಳ ತೆಗೆದು ಕೈಯಲ್ಲಿ ಮೆಲ್ಲಗೆ ತಿರುಗಿಸಿದರೆ ಒಂದೊಂದು ಹಲಗೆಯೂ ತನ್ನ ಸರದಿ ಬಂದಾಗ ಹೊರಳಿ ನಿಲ್ಲುವುದು ಕಾಣುತ್ತದೆ. ಎಷ್ಟು ನೋಡಿದರೂ ನನಗೆ ಸಾಕೆನಿಸದ ಯಂತ್ರ ಇದು. ಆದರೆ 8 ಹಲಗೆಗೆ ಕನಿಷ್ಠ 16 ಕೀಲು, ಎರಡು ಚಕ್ರಕ್ಕೆ ಕನಿಷ್ಠ 32. ಒಂದು ಬಿಗಿಯಾದರೂ ಚಕ್ರ ಸಿಕ್ಕಿಕೊಳ್ಳುತ್ತದೆ. ಮೊದಲ ದೋಣಿಗೆ ಬಿಗಿದ ಹಲಗೆಯೇ ಇರಲಿ. ಶಾಫ್ಟಿನ ಎತ್ತರ ಸರಿಯಿದ್ದರೆ ಅದು ಚೆನ್ನಾಗಿಯೇ ಎಳೆಯುತ್ತದೆ.

ನೀರಿಗಿಳಿಸಿದ ಮೇಲೆ

ಟಬ್ಬಿನಲ್ಲಿ ಮೊದಲು ನೋಡಬೇಕಾದ್ದು ವಾಲುವಿಕೆ. ಚಕ್ರದ ದೋಣಿ ಒಂದು ಪಕ್ಕಕ್ಕೆ ವಾಲಿದರೆ ಆ ಬದಿಯ ಚಕ್ರ ಆಳಕ್ಕೆ ಮುಳುಗುತ್ತದೆ, ಇನ್ನೊಂದು ಗಾಳಿಗೆ ಬರುತ್ತದೆ, ದೋಣಿ ತಾನಾಗಿಯೇ ಓರೆ ಹೋಗುತ್ತದೆ. ಅದನ್ನು ರೇಡಿಯೊದಿಂದ ತಿದ್ದಲು ಹೋಗಬೇಡಿ. ತಳದಲ್ಲಿ ಸೀಸದ ತುಂಡು ಇಟ್ಟು ಎರಡು ಕಡೆಯೂ ಸಮ ಮಾಡಿ. ಯುಪಿಎಸ್‌ಗೆ ಬಳಸುವಂಥ 12 ವೋಲ್ಟಿನ ಸಣ್ಣ ಸೀಲ್ಡ್ ಬ್ಯಾಟರಿ ಇಲ್ಲಿ ಲೀಥಿಯಂಗಿಂತ ಮೇಲು, ಅದರ ತೂಕವೇ ತಳದ ಭಾರವಾಗಿ ಒದಗುತ್ತದೆ.

ಸಮವಾದ ಮೇಲೂ ಓರೆ ಹೋದರೆ ಅದು ಮೋಟಾರುಗಳ ವ್ಯತ್ಯಾಸ. ಒಂದೇ ಪೆಟ್ಟಿಗೆಯಿಂದ ತೆಗೆದ ಎರಡು ಮೋಟಾರು ಕೂಡ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಜೋರಾಗಿರುವ ಮೋಟಾರಿನ ಗರಿಷ್ಠ ವೇಗವನ್ನು ಟ್ರಾನ್ಸ್‌ಮಿಟರಿನಲ್ಲೇ ಸ್ವಲ್ಪ ತಗ್ಗಿಸಿ.

ಆಮೇಲೆ ಬಯಲು ನೀರಿನಲ್ಲಿ ನಿಧಾನವಾಗಿ ವೇಗ ಏರಿಸುತ್ತ ಪಕ್ಕದಿಂದ ಗಮನಿಸಿ. ದೋಣಿ ಓಡುವಾಗ ಮೂತಿಯಲ್ಲೊಂದು ಅಲೆ ಏಳುತ್ತದೆ. ವೇಗ ಹೆಚ್ಚಿದಂತೆ ಅಲೆಯ ಉದ್ದವೂ ಹೆಚ್ಚುತ್ತದೆ. ನೀರಿನ ಗೆರೆಯಲ್ಲಿ 65 ಸೆಂ.ಮೀ. ಉದ್ದದ ದೋಣಿ ಸೆಕೆಂಡಿಗೆ 1 ಮೀಟರ್ ಸಮೀಪಿಸಿದಾಗ ಆ ಅಲೆ ದೋಣಿಯಷ್ಟೇ ಉದ್ದವಾಗಿ, ಅದರ ತಗ್ಗು ಸರಿಯಾಗಿ ನಡುವಿಗೆ, ಅಂದರೆ ಚಕ್ರದ ಜಾಗಕ್ಕೆ ಬಂದು ನಿಲ್ಲುತ್ತದೆ. ಚಕ್ರದ ಕೆಳಗಿನ ನೀರೇ ಇಳಿದುಹೋಗುತ್ತದೆ. ಎಷ್ಟು ವೋಲ್ಟು ಏರಿಸಿದರೂ ಅಲ್ಲಿಂದ ಮುಂದಕ್ಕೆ ತುಂತುರು ಹೆಚ್ಚುತ್ತದೆಯೇ ಹೊರತು ವೇಗ ಹೆಚ್ಚುವುದಿಲ್ಲ. ಆ ಮಿತಿಗೆ ಬಹಳ ಮೊದಲೇ ನಿಲ್ಲಿಸಿಕೊಳ್ಳಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

• ಡ್ರೋನ್‌ಗೆಂದು ಮಾಡಿದ ಬ್ರಷ್‌ಲೆಸ್ ಕಂಟ್ರೋಲರ್ ತರುವುದು. ಅದು ಈ ಗೇರ್ಡ್ ಮೋಟಾರನ್ನು ನಡೆಸುವುದೇ ಇಲ್ಲ.

• ದೋಣಿ ಖಾಲಿ ಇರುವಾಗ ಶಾಫ್ಟಿನ ತೂತು ಕೊರೆಯುವುದು. ಬ್ಯಾಟರಿ ಇಟ್ಟ ಮೇಲೆ ಒಡಲು ಇಳಿದು ಚಕ್ರ ಬೇಕಾದ್ದಕ್ಕಿಂತ ಆಳಕ್ಕೆ ಮುಳುಗುತ್ತದೆ. ಬ್ಯಾಟರಿ ಬದಲಿಸಿ ಹಗುರವಾದದ್ದು ಹಾಕಿದಾಗಲೂ ಇದೇ ಕಥೆ, ತಿರುಗುಮುರುಗಾಗಿ.

• ಎಳೆತ ಸಾಲದು ಎಂದು ಚಕ್ರದ ವೇಗ ಏರಿಸುವುದು. ಸಾಲದಿದ್ದರೆ ಹಲಗೆಯನ್ನು 40ರ ಬದಲು 45 ಮಿ.ಮೀ. ಉದ್ದ ಮಾಡಿ, ವೇಗವನ್ನು ಮುಟ್ಟಬೇಡಿ.

• ಚಕ್ರಗಳನ್ನು ತೀರಾ ಹಿಂದೆ, ಒಡಲು ಕಿರಿದಾಗುವಲ್ಲಿ ಇಡುವುದು. ನಡುವಿನಲ್ಲಿ ಅಥವಾ ಅದರಿಂದ ಎರಡು ಮೂರು ಸೆಂ.ಮೀ. ಹಿಂದೆ ಇದ್ದರೆ ಸಾಕು.

ಎಚ್ಚರಿಕೆ

ಪೂರ್ತಿ ಮುಂದಿನಿಂದ ಪೂರ್ತಿ ಹಿಂದಕ್ಕೆ ಕಡ್ಡಿಯನ್ನು ಒಮ್ಮೆಲೇ ಎಳೆದರೆ ಗೇರಿನ ಹಲ್ಲು ಮುರಿಯುತ್ತದೆ. ನಡುವೆ ಒಂದು ಕ್ಷಣ ನಿಲ್ಲಿಸಿ. ಚಕ್ರಕ್ಕೆ ಕಸ ಸಿಕ್ಕಿ ನಿಂತುಹೋದಾಗ ಮೋಟಾರು ಎಳೆಯುವ ಕರೆಂಟು ಸಾಮಾನ್ಯ ಓಟದ ಹಲವು ಪಟ್ಟು. ಕಂಟ್ರೋಲರ್ ಅದನ್ನು ತಾಳುವಂಥದಿರಲಿ, ಬ್ಯಾಟರಿಯ ತಂತಿಯಲ್ಲಿ ತಪ್ಪದೆ ಫ್ಯೂಸ್ ಇರಲಿ. ಅಂತರಗಂಗೆ ಬೆಳೆದ ಕೆರೆಯಲ್ಲಿ ಚಕ್ರ ಪ್ರೊಪೆಲ್ಲರಿನಂತೆ ಬೇರು ಸುತ್ತಿಕೊಳ್ಳುವುದು ಕಡಿಮೆ, ಆದರೆ ಪೆಟ್ಟಿಗೆಯೊಳಗೆ ಎಲೆ ಎಳೆದುಕೊಳ್ಳುತ್ತದೆ. ದೋಣಿ ಕೆರೆಯ ನಡುವೆ ನಿಂತರೆ ತರಲು ನೀರಿಗಿಳಿಯಬೇಡಿ. ದಡದಿಂದ ಎಸೆದು ಎಳೆಯಲು ಉದ್ದ ದಾರಕ್ಕೆ ತೇಲುವ ಚೆಂಡೊಂದನ್ನು ಕಟ್ಟಿ ಜೊತೆಗೆ ಒಯ್ಯಿರಿ.

ಎಳೆಯುವ ಕೊಕ್ಕೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಟಗ್ಗು ಹಗ್ಗದ ಹಿಡಿತದಲ್ಲೂ ತಿರುಗುವಂತಿರಬೇಕಾದರೆ ಕೊಕ್ಕೆ ಹಿಂತುದಿಯಲ್ಲಿರದೆ ಚಕ್ರಗಳ ತುಸು ಹಿಂದೆ ಇರಬೇಕು. ಆದರೆ ಎಳೆಸಿಕೊಳ್ಳುವ ದೋಣಿ ಪಕ್ಕಕ್ಕೆ ಹೊರಳಿ ಹಗ್ಗ ಅಡ್ಡ ಜಗ್ಗಿದರೆ ಅದೇ ಕೊಕ್ಕೆ ಟಗ್ಗನ್ನು ಮಗುಚಬಲ್ಲದು. ಅದಕ್ಕೆ ಕೊಕ್ಕೆಯನ್ನು ಆದಷ್ಟು ತಗ್ಗಿನಲ್ಲಿ ಕೂರಿಸಿ, ಜೋರಾಗಿ ಜಗ್ಗಿದರೆ ಕಡಿದುಹೋಗುವ ತೆಳು ದಾರವನ್ನೇ ಹಗ್ಗವಾಗಿ ಬಳಸಿ.

ಪ್ರೊಪೆಲ್ಲರ್ ಬಿಚ್ಚುವ ಮೊದಲೇ ಮಾಡಿಟ್ಟುಕೊಳ್ಳಬೇಕಾದ ಒಂದು ಅಳತೆಯನ್ನು ಇಲ್ಲಿ ಹೇಳುತ್ತೇನೆ, ಏಕೆಂದರೆ ಇದು ಕೊಕ್ಕೆಗೆ ಸೇರಿದ್ದು. ಸೂಟ್‌ಕೇಸ್ ತೂಗುವ ಸಣ್ಣ ಡಿಜಿಟಲ್ ಕೊಕ್ಕೆ ತಕ್ಕಡಿಗಳಲ್ಲಿ ಕೆಲವು 10 ಗ್ರಾಂವರೆಗೂ ತೋರಿಸುತ್ತವೆ. ಅದನ್ನು ದಡಕ್ಕೆ ಕಟ್ಟಿ, ದೋಣಿಯಿಂದ ಎರಡು ಮೀಟರ್ ದಾರ ಬಿಗಿದು, ವೇಗವನ್ನು ಹಂತಹಂತವಾಗಿ ಏರಿಸುತ್ತ ಎಳೆತವನ್ನು ಬರೆದುಕೊಳ್ಳಿ. ಚಕ್ರ ಕಟ್ಟಿದ ಮೇಲೆ ಅದೇ ನೀರಿನಲ್ಲಿ ಅದೇ ದಾರದಿಂದ ಮತ್ತೆ ಅಳೆಯಿರಿ. ಯಾವ ಹಂತದಿಂದಾಚೆ ತಕ್ಕಡಿಯ ಅಂಕಿ ಏರದೆ ನೀರು ಮಾತ್ರ ಹಾರತೊಡಗುತ್ತದೋ ಅದೇ ನಿಮ್ಮ ಚಕ್ರದ ಗರಿಷ್ಠ ವೇಗ. ಟ್ರಾನ್ಸ್‌ಮಿಟರಿನಲ್ಲಿ ಮಿತಿಯನ್ನು ಅಲ್ಲಿಗೇ ಕಟ್ಟಿ.